ಲಾರಿ ಸ್ಟ್ಯಾಂಡಿನಲ್ಲಿ ಗಂಗಕ್ಕನ ಹಿಂದಿ

ಹೋದ ತಿಂಗಳು ಹೊಸದುರ್ಗದಲ್ಲಿ ನೆಂಟರ ಮದುವೆ ಮುಗಿಸಿಕೊಂಡು ಹಿರಿಯೂರಿನ ಮೇಲೆ ಬರುವಾಗ ಕಾರಿನ ಟೈರಿಗೆ ಮೊಳೆ ಹೊಕ್ಕಿತು. ಪೇಟೆಯ ಹೊರಗೆ ಹಳೆಯ ಹೆದ್ದಾರಿಯ ಪಕ್ಕ ಒಂದು ಪಂಚರ್ ಅಂಗಡಿ ಸಿಕ್ಕಿತು. ಅವರು ಚಕ್ರ ಬಿಚ್ಚುವವರೆಗೆ ಸ್ಟೂಲಿನ ಮೇಲೆ ಕೂತಿದ್ದೆ. ಒಳಗೆ ಸವೆದ ಲಾರಿ ಟೈರುಗಳಿಗೆ ಹೊಸ ರಬ್ಬರು ಕೂರಿಸುತ್ತಿದ್ದರು. ಬಿಸಿ ರಬ್ಬರಿನ ಆ ಗಾಟು ಮೂಗಿಗೆ ಬಡಿಯಿತು ನೋಡಿ, ನನ್ನ ಮೊದಲ ಕೆಲಸದ ಆ ಒಂದು ವರ್ಷ, ಆಷಾಢದಿಂದ ಬೇಸಿಗೆಯವರೆಗೆ, ಇಡಿಯಾಗಿ ಎದ್ದು ಬಂದಿತು. ಅದರ ಜೊತೆಗೆ ಬಂದವರು ಗಂಗಕ್ಕ.

ತುರ್ತು ಪರಿಸ್ಥಿತಿ ಮುಗಿದು ಒಂದೆರಡು ವರ್ಷ ಕಳೆದಿದ್ದ ಕಾಲ ಅದು. ಹೊಳಲ್ಕೆರೆಯ ನಮ್ಮ ಮನೆಯಿಂದ ಕೆಲಸಕ್ಕೆಂದು ಹೊರಗೆ ಹೊರಟ ಮೊದಲ ಹುಡುಗಿ ನಾನು. ಹಿರಿಯೂರಿನ ಒಂದು ಖಾಸಗಿ ಕಾಲೇಜಿನಲ್ಲಿ ವಾಣಿಜ್ಯ ಕಲಿಸಲು ಒಂದು ವರ್ಷದ ಮಟ್ಟಿಗೆ ನೇಮಕವಾಗಿತ್ತು. ಊರು ಹೊಸದು, ಒಬ್ಬಳೇ ಇರುವುದು ಹೇಗೆಂದು ಅಪ್ಪ ಯೋಚಿಸುತ್ತಿದ್ದಾಗ ಪ್ರಿನ್ಸಿಪಾಲರೇ ಹಿಂದಿ ಅಧ್ಯಾಪಕಿ ಗಂಗಮ್ಮನವರ ಮನೆಯಲ್ಲಿ ಒಂದು ಕೋಣೆ ಕೊಡಿಸಿದರು. ನಾನು ಗಂಗಕ್ಕ ಎಂದೇ ಕರೆಯುತ್ತಿದ್ದ ಅವರಿಗೆ ಆಗ ಮೂವತ್ತೈದರ ಆಸುಪಾಸು. ಹೊಸದುರ್ಗದ ಕಡೆಯ ಕುರಿ ಸಾಕುವ ಮನೆತನ. ಅಪ್ಪ, ಅಣ್ಣಂದಿರೆಲ್ಲ ಕುರಿ ಹಿಂಡಿನ ಹಿಂದೆ ತಿರುಗಿದವರು. ಇವರು ಮಾತ್ರ ಹಟ ಹಿಡಿದು ಓದಿ, ಒಂದರ ಮೇಲೊಂದು ಹಿಂದಿ ಪರೀಕ್ಷೆ ಕಟ್ಟಿ ಅಧ್ಯಾಪಕಿಯಾಗಿದ್ದರು. ಗಂಡ ಹನುಮಂತಪ್ಪ ಹೊಸದುರ್ಗದ ಹತ್ತಿರದ ಹಳ್ಳಿಯೊಂದರಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಮೊದಲ ಬಸ್ಸಿಗೆ ಹೊರಟುಬಿಡುತ್ತಿದ್ದರು.

ನಾನು ಹೋದ ವರ್ಷವೇ ಗಂಗಕ್ಕನಿಗೆ ಪೆಟ್ಟು ಬಿದ್ದಿತ್ತು. ಎರಡನೇ ಭಾಷೆಯಾಗಿ ಹಿಂದಿ ತೆಗೆದುಕೊಳ್ಳುವ ಹುಡುಗರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ, ಆ ಜೂನ್‌ನಲ್ಲಿ ಅರ್ಧಕ್ಕರ್ಧ ಬೆಂಚುಗಳು ಖಾಲಿ ಉಳಿದವು. ಆಡಳಿತ ಮಂಡಳಿಯವರು ಅವರ ಹುದ್ದೆಯನ್ನು ಅರ್ಧಕ್ಕೆ ಇಳಿಸಿದರು. ಪಾಠ ಅರ್ಧ, ಸಂಬಳವೂ ಅರ್ಧ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಅಯ್ಯೋ ಪಾಪ ಎಂದರು. ಗಂಗಕ್ಕ ಮಾತ್ರ ಪಾಠವೇ ಇಲ್ಲದಿದ್ದರೆ ಅವರಾದರೂ ಏನು ಮಾಡುತ್ತಾರೆ ಎಂದು ಹೇಳಿ, ಮಧ್ಯಾಹ್ನದ ಹೊತ್ತಿಗೆ ಕೊಡೆ ಹಿಡಿದು ಮನೆಗೆ ನಡೆದುಬಿಡುತ್ತಿದ್ದರು. ಆಷಾಢದ ಗಾಳಿಗೆ ಆ ಕೊಡೆ ದಿನಕ್ಕೊಮ್ಮೆ ಉಲ್ಟಾ ಆಗುತ್ತಿತ್ತು. ನಮ್ಮ ಕಡೆಯ ಆ ಗಾಳಿ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ಮಳೆ ತರುವುದಿಲ್ಲ, ಮಣ್ಣು ತರುತ್ತದೆ. ಬಾಯಲ್ಲಿ, ಅನ್ನದಲ್ಲಿ, ಹಾಸಿಗೆಯಲ್ಲಿ ಮಣ್ಣು.

ಅಂಥ ಗಾಳಿಯ ಒಂದು ಸಂಜೆ ತಿಪ್ಪೇಸ್ವಾಮಿ ನಮ್ಮ ಮನೆ ಬಾಗಿಲಿಗೆ ಬಂದ. ಲಾರಿ ಡ್ರೈವರು. ಹೊಸದುರ್ಗದ ಕೊಬ್ಬರಿ, ಹಿರಿಯೂರಿನ ಈರುಳ್ಳಿ ತುಂಬಿಕೊಂಡು ನರ್ಮದಾ ನದಿಯಾಚೆಯವರೆಗೆ ಹೋಗಿಬರುವವನು. ಗಟ್ಟಿ ಆಳು, ನಲವತ್ತು ದಾಟಿರಬೇಕು. ಒಳಗೆ ಬರ್ರಿ ಅಂದರೂ ಹೊಸ್ತಿಲಾಚೆಯೇ ನಿಂತು ಕಾಲೇಜಿನಲ್ಲಿ ಹಿಂದಿ ಹೇಳುವ ಮೇಡಂ ಇವರೇನಾ ಎಂದು ಕೇಳಿದ. ಆಮೇಲೆ ಜಗುಲಿಯ ಮೇಲೆ ಕೂತು ತಾನು ಬಂದ ಕಾರಣ ಹೇಳಿದ.

ಅವನ ಜೊತೆಗೆ ಓಬಯ್ಯ ಎಂಬ ಇನ್ನೊಬ್ಬ ಡ್ರೈವರು ಇದ್ದನಂತೆ. ಒಂದೇ ಊರಿನವರು, ಒಂದೇ ಲಾರಿಯಲ್ಲಿ ಬಹಳ ವರ್ಷ ಸರದಿಯ ಮೇಲೆ ಓಡಿಸಿದವರು. ದಾರಿಯಲ್ಲಿ ಅಷ್ಟಿಷ್ಟು ಹಿಂದಿ ಆಡುತ್ತಿದ್ದವನು ಓಬಯ್ಯನೇ. ಆ ಬೇಸಿಗೆಯಲ್ಲಿ ಅತ್ತ ಉತ್ತರದಲ್ಲಿ ಓಬಯ್ಯನಿಗೆ ಕಾಲಿನ ಗಾಯ ಕೀವಾಗಿ ಜ್ವರ ಏರಿತು. ತಿಪ್ಪೇಸ್ವಾಮಿ ಅವನನ್ನು ಒಂದು ಸಣ್ಣ ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದ. ಅವರು ಸೂಜಿಗೆ ಔಷಧ ಏರಿಸಿದರು. ಹಿಂದೆ ಒಮ್ಮೆ ಹಿರಿಯೂರಿನಲ್ಲಿ ಅದೇ ಔಷಧ ಚುಚ್ಚಿದಾಗ ಓಬಯ್ಯ ಉಸಿರು ಕಟ್ಟಿ ಸಾಯುವ ಹಾಗಾಗಿ, ಇನ್ನು ಜನ್ಮದಲ್ಲಿ ಅದನ್ನು ತೆಗೆದುಕೊಳ್ಳಬೇಡ ಎಂದು ಡಾಕ್ಟರು ಎಚ್ಚರಿಸಿದ್ದರು. ಓಬಯ್ಯನಿಗೆ ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲ. ತಿಪ್ಪೇಸ್ವಾಮಿಗೆ ಬಾಟಲಿಯ ಗುರುತು ಸಿಕ್ಕಿತು. ಬೇಡ ಬೇಡ ಎಂದು ಕೈ ಹಿಡಿದ. ಅವರು ಸೂಜಿಗೆ ಹೆದರುವ ಹಳ್ಳಿಗಮಾರ ಎಂದುಕೊಂಡು ನಕ್ಕು, ಅವನನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿಕೊಂಡರು.

"ಈ ಔಷಧ ಇವನ ಮೈಗೆ ಆಗಲ್ಲ ಅನ್ನಾಕೆ ನನ್ ಬಾಯಾಗೆ ಮಾತಿರ್ಲಿಲ್ಲ ಮೇಡಮ್ಮೋರೆ," ಎಂದ ತಿಪ್ಪೇಸ್ವಾಮಿ. "ಅಷ್ಟೇ ಮಾತು. ಅಷ್ಟು ಬಂದಿದ್ರೆ ಅವ್ನು ಇವತ್ತು ಇರ್ತಿದ್ದ."

ಓಬಯ್ಯನನ್ನು ಅಲ್ಲಿಯೇ ಮಣ್ಣು ಮಾಡಿ, ಒಬ್ಬನೇ ಲಾರಿ ಓಡಿಸಿಕೊಂಡು ಬಂದಿದ್ದ. ಈಗ ಅವನೂ ಅವನಂಥ ಇನ್ನು ಕೆಲವು ಡ್ರೈವರುಗಳೂ ಹಿಂದಿ ಕಲಿಯಬೇಕೆಂದು ತೀರ್ಮಾನ ಮಾಡಿದ್ದರು. ಫೀಸು ಕೊಡುತ್ತೇವೆ, ಪುಗಸಟ್ಟೆ ಬೇಡ ಎಂದು ಅವನೇ ಮೊದಲು ಹೇಳಿದ. ಗಂಗಕ್ಕ ಒಪ್ಪಿದರು. ಅವನು ಹೋದ ಮೇಲೆ ಬಹಳ ಹೊತ್ತು ಜಗುಲಿಯಲ್ಲೇ ಕೂತಿದ್ದರು. ಒಲೆಯ ಮೇಲಿನ ಸಾರು ಇಂಗಿ ಸೀದ ವಾಸನೆ ಬಂದ ಮೇಲೆಯೇ ನಾವಿಬ್ಬರೂ ಎದ್ದದ್ದು.

ಮರುದಿನವೇ ಗಂಗಕ್ಕ ಕಾಲೇಜಿಗೆ ಅರ್ಜಿ ಕೊಟ್ಟರು. ನೌಕರರು ಹೊರಗೆ ಸಂಬಳದ ಕೆಲಸ ಮಾಡಬೇಕಾದರೆ ಆಡಳಿತ ಮಂಡಳಿಯ ಅನುಮತಿ ಬೇಕೆಂಬ ನಿಯಮವಿತ್ತು. ಆ ನಿಯಮ ಇದೆ ಎಂಬುದೇ ಸ್ಟಾಫ್ ರೂಮಿಗೆ ಮರೆತುಹೋಗಿತ್ತು. ಒಬ್ಬರಿಗೆ ಹೆಂಡತಿಯ ಹೆಸರಿನಲ್ಲಿ ಬೀಜ ಗೊಬ್ಬರದ ಅಂಗಡಿ. ಇನ್ನೊಬ್ಬರ ಮನೆಯಲ್ಲಿ ಬೆಳಗ್ಗೆ ಸಂಜೆ ಟ್ಯೂಷನ್ನು, ಬಾಗಿಲ ಮುಂದೆ ಸೈಕಲ್ಲುಗಳ ಸಾಲು. ಆಫೀಸಿನ ಗುಮಾಸ್ತರು ವಿಮೆ ಮಾಡಿಸುತ್ತಿದ್ದರು. ಯಾರೂ ಯಾರನ್ನೂ ಕೇಳಿರಲಿಲ್ಲ, ಯಾರೂ ತಪ್ಪು ಎಂದೂ ತಿಳಿದಿರಲಿಲ್ಲ. ಸಂಬಳ ತಿಂಗಳ ಕೊನೆಯವರೆಗೆ ಸಾಲುತ್ತಿರಲಿಲ್ಲ, ಅಷ್ಟೇ. ಅರ್ಜಿ ಯಾಕೆ ಕೊಟ್ಟಿರಿ, ಸುಮ್ಮನೆ ಮಾಡಬಾರದಿತ್ತಾ ಎಂದು ಬೀಜದಂಗಡಿಯ ಮೇಷ್ಟ್ರೇ ಗಂಗಕ್ಕನಿಗೆ ಬುದ್ಧಿ ಹೇಳಿದರು. ಅವರ ಕಾಳಜಿ ನಿಜವಾದದ್ದೇ. ನಾನು ಹೋಗುವುದು ಲಾರಿ ಸ್ಟ್ಯಾಂಡಿಗೆ ಸರ್, ನೀವು ಕೂರುವುದು ನಿಮ್ಮ ಅಂಗಡಿಯಲ್ಲಿ, ಅಷ್ಟು ವ್ಯತ್ಯಾಸ ಇದೆಯಲ್ಲ, ನಾಳೆ ಊರು ಕೇಳಿದರೆ ತೋರಿಸಲು ಕಾಗದ ಬೇಕು ಎಂದರು ಗಂಗಕ್ಕ.

ಮಂಡಳಿಯ ಸಭೆ ಸೇರುವವರೆಗೆ ಮಾಡುತ್ತಿರಿ ಎಂದು ಪ್ರಿನ್ಸಿಪಾಲರು ಬಾಯಿಮಾತಿನಲ್ಲಿ ಒಪ್ಪಿದರು. ಹೊಳಲ್ಕೆರೆ ಕಡೆಯವರು, ಮೆತ್ತನೆ ಮನುಷ್ಯ, ಯಾರಿಗೂ ಇಲ್ಲ ಎಂದು ಹೇಳಿ ಅಭ್ಯಾಸವಿರಲಿಲ್ಲ.

ಪಾಠ ಶುರುವಾಯಿತು. ಲಾರಿ ಸ್ಟ್ಯಾಂಡಿನ ಮೂಲೆಯಲ್ಲಿ ಟೈರಿನ ಕೆಲಸ ಮಾಡುವ ಒಂದು ಶೆಡ್ಡು, ಅದರ ಪಕ್ಕದ ತಗಡಿನ ಚಪ್ಪರ. ಅಲ್ಲಿ ಟೈರುಗಳನ್ನೇ ಮಲಗಿಸಿ ಕೂರುವ ಜಾಗ ಮಾಡಿದ್ದರು. ಕೆಲವು ಸಂಜೆ ನಾನೂ ಜೊತೆಗೆ ಹೋಗುತ್ತಿದ್ದೆ. ಯಾವತ್ತು ಯಾರು ಬರುತ್ತಾರೆಂದು ಹೇಳುವಂತಿರಲಿಲ್ಲ. ಇವತ್ತು ಕೂತವನು ನಾಳೆ ಸೋಲಾಪುರದಲ್ಲಿ ಇರುತ್ತಿದ್ದ. ಅವನು ತಿರುಗಿ ಬಂದಾಗ ಬಿಟ್ಟುಹೋದ ಪಾಠವನ್ನು ಗಂಗಕ್ಕ ಮತ್ತೆ ಮೊದಲಿನಿಂದ ಹೇಳುತ್ತಿದ್ದರು. ಬೇಸರವಿಲ್ಲ, ಅವಸರವಿಲ್ಲ. ಕಾಲೇಜಿನಲ್ಲಿ ಪದ್ಯದ ಸಾರಾಂಶ ಬರೆಸುವಾಗ ಇಲ್ಲದ ಒಂದು ಕಳೆ ಅವರ ಮುಖದಲ್ಲಿ ಕಾಣುತ್ತಿತ್ತು.

ಮೊದಲ ಪಾಠಗಳು ಮಾತ್ರ ಎಡವಿದವು. ತಿಪ್ಪೇಸ್ವಾಮಿ ಒಂದು ಟ್ರಿಪ್ಪು ಮುಗಿಸಿ ಬಂದವನು ಮುಖ ಸಪ್ಪೆ ಮಾಡಿಕೊಂಡು ಕೂತ. ದಾರಿಯ ಹೋಟೆಲಿನಲ್ಲಿ ಅವನು ಕಲಿತ ಹಾಗೆಯೇ, 'ಕೃಪಯಾ ಮುಝೇ ಜಲ ದೀಜಿಯೇ' ಎಂದು ನೀರು ಕೇಳಿದನಂತೆ. ರೇಡಿಯೋದಲ್ಲಿ ವಾರ್ತೆ ಓದುವವನು ಬಂದ ನೋಡ್ರೋ ಎಂದು ಇಡೀ ಹೋಟೆಲು ನಕ್ಕಿತಂತೆ. ಉಳಿದ ಡ್ರೈವರುಗಳೂ ನಗೆ ತಡೆದುಕೊಂಡರು. ಗಂಗಕ್ಕ ತಾವೇ ಮೊದಲು ನಕ್ಕುಬಿಟ್ಟರು. ನಕ್ಕು, ತಾನು ಕಲಿತದ್ದು ಪುಸ್ತಕದಿಂದ, ಪುಸ್ತಕದವರಿಗೆ ಬಾಯಾರಿಕೆ ಆಗುವುದಿಲ್ಲ ಎಂದರು. ಆಮೇಲೆ ಹೇಳಿದ್ದು ಪಾಠದ ರೀತಿಯನ್ನೇ ಬದಲಿಸಿತು.

"ಅಲ್ಲಿ ಹೆಂಗೆ ಅಂತಾರೆ ಅಂತ ನೀವು ಕೇಳ್ಕಂಡು ಬರ್ರಿ. ಯಾಕೆ ಹಂಗಂತಾರೆ, ಅದನ್ನ ತಿರುಗಿಸಿ ಬೇರೆ ಕಡೆ ಹೆಂಗೆ ಬಳಸಬೇಕು ಅನ್ನೋದನ್ನ ನಾನು ಹೇಳ್ಕೊಡ್ತೀನಿ."

ಅಲ್ಲಿಂದ ಮುಂದೆ ಡ್ರೈವರುಗಳು ಊರಿಗೆ ಬರುವಾಗ ಲೋಡಿನ ಜೊತೆಗೆ ಮಾತುಗಳನ್ನೂ ತರತೊಡಗಿದರು. ಚೆಕ್‌ಪೋಸ್ಟಿನ ಮಾತು, ಗ್ಯಾರೇಜಿನ ಮಾತು, ಧಾಬಾದ ಮಾತು, ಕೆಲವು ಬೈಗುಳ ಕೂಡ. ಬೈಗುಳ ಹೇಳುವಾಗ ಗಂಗಕ್ಕನ ಮುಖ ನೋಡದೆ ಆ ಕಡೆ ತಿರುಗಿಕೊಂಡು ಹೇಳುತ್ತಿದ್ದರು. ತಿಪ್ಪೇಸ್ವಾಮಿ ದಾರಿಯಲ್ಲಿ ಒಬ್ಬ ಕಂಪೌಂಡರನ್ನು ಹಿಡಿದು ತನಗೆ ಬೇಕಾಗಿದ್ದ ಆ ಒಂದು ಮಾತನ್ನೇ ಕೇಳಿಕೊಂಡು ಬಂದ. ಯೇ ಸೂಯಿ ಇಸ್ ಕೋ ಮಾಫಿಕ್ ನಹೀ ಆತೀ. ಈ ಸೂಜಿಮದ್ದು ಇವನಿಗೆ ಒಗ್ಗುವುದಿಲ್ಲ. ಗಂಗಕ್ಕ ಅವತ್ತು ಬೇರೆ ಪಾಠ ಮಾಡಲಿಲ್ಲ. ಚಪ್ಪರದಲ್ಲಿದ್ದ ಪ್ರತಿಯೊಬ್ಬನ ಬಾಯಿಂದಲೂ ಅದನ್ನು ಹೇಳಿಸಿದರು. ಊಟದ ಬಗ್ಗೆ ಹೇಗೆ ಹೇಳುವುದು, ನೀರಿನ ಬಗ್ಗೆ ಹೇಗೆ, ತನಗೇ ಆದರೆ ಹೇಗೆ ಎಂದು ಅದನ್ನೇ ತಿರುತಿರುಗಿಸಿ ಕಲಿಸಿದರು. ತಿಪ್ಪೇಸ್ವಾಮಿ ತನ್ನ ಸರದಿ ಮುಗಿದ ಮೇಲೂ ಅದನ್ನೇ ಹೇಳುತ್ತಿದ್ದ. ಯಾರೂ ಅವನ ಕಡೆ ನೋಡಲಿಲ್ಲ.

ಗಣಪತಿ ಹಬ್ಬ ಕಳೆಯುವ ಹೊತ್ತಿಗೆ ಊರಿನ ಬಾಯಿಗೆ ಸುದ್ದಿ ಬಿದ್ದಿತ್ತು. ಕಾಲೇಜಿನ ಮೇಡಂ ಒಬ್ಬಳು ಸಂಜೆಯಾದರೆ ಲಾರಿ ಸ್ಟ್ಯಾಂಡಿಗೆ ಹೋಗುತ್ತಾಳೆ, ಡ್ರೈವರುಗಳಿಂದ ದುಡ್ಡು ತೆಗೆದುಕೊಳ್ಳುತ್ತಾಳೆ. ಈ ಎರಡು ಮಾತನ್ನು ಒಟ್ಟಿಗೆ ಸೇರಿಸಿ ಹೇಳಿದರೆ ಏನಾಗುತ್ತದೋ ಅದೇ ಆಯಿತು. ನೀರಿನ ನಲ್ಲಿಯ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಮನೆಯ ಮಾಲೀಕರ ಹೆಂಡತಿ ನನ್ನನ್ನು ಕರೆದು, ನೀನು ಮದುವೆಯಾಗಬೇಕಾದ ಹುಡುಗಿ, ಬೇರೆ ಕೋಣೆ ನೋಡಿಕೋ ಎಂದರು. ಗಂಗಕ್ಕನಿಗೆ ಇದೆಲ್ಲ ಗೊತ್ತಿತ್ತು. ಒಂದು ದಿನವೂ ಪಾಠ ತಪ್ಪಿಸಲಿಲ್ಲ. ಆದರೆ ಮನೆಯಲ್ಲಿ ಮಾತು ಕಡಿಮೆ ಮಾಡಿದ್ದರು, ಅಕ್ಕಿ ಆರಿಸುತ್ತಾ ಆರಿಸುತ್ತಾ ಕೈ ನಿಂತುಬಿಡುತ್ತಿತ್ತು.

ಒಂದು ಬುಧವಾರ ಹನುಮಂತಪ್ಪ ಮೇಷ್ಟ್ರು ಇದ್ದಕ್ಕಿದ್ದಂತೆ ಬಂದರು. ವಾರದ ನಡುವೆ ಅವರು ಬಂದದ್ದೇ ಇಲ್ಲ. ಹೊಸದುರ್ಗಕ್ಕೂ ಸುದ್ದಿ ಮುಟ್ಟಿತು ಎಂದುಕೊಂಡೆ. ಅವರು ಕಾಲು ತೊಳೆದುಕೊಂಡು, ಕಾಫಿ ಕುಡಿದು, ನಿನ್ನ ಪಾಠ ಎಷ್ಟೊತ್ತಿಗೆ ಎಂದು ಹೆಂಡತಿಯನ್ನು ಕೇಳಿದರು. ಗಂಗಕ್ಕ ಹೇಳಿದರು.

"ಸರಿ, ನಡಿ, ಹೋಗಾಣ," ಎಂದರು ಮೇಷ್ಟ್ರು.

ಮೂವರೂ ಪೇಟೆಯ ಮಧ್ಯದ ಬೀದಿಯಲ್ಲೇ ನಡೆದು ಹೋದೆವು. ಹತ್ತಿರದ ದಾರಿಯಿದ್ದರೂ ಮೇಷ್ಟ್ರು ಆ ಬೀದಿಯನ್ನೇ ಹಿಡಿದರು. ಪರಿಚಯದವರು ಸಿಕ್ಕರೆ ನಿಂತು, ಇವಳ ಪಾಠ ಕೇಳಲು ಹೊರಟಿದ್ದೇನೆ ಎಂದು ತಾವಾಗಿಯೇ ಹೇಳಿದರು. ಚಪ್ಪರದಲ್ಲಿ ಹಿಂದಿನ ಟೈರಿನ ಮೇಲೆ ಕೂತು ಪಾಠ ಪೂರ್ತಿ ಕೇಳಿದರು. ಒಂದು ಪ್ರಶ್ನೆಗೆ ಕೈಯೆತ್ತಿ ತಪ್ಪು ಉತ್ತರವನ್ನೂ ಕೊಟ್ಟರು. ಡ್ರೈವರುಗಳು ಅವರ ತಪ್ಪನ್ನು ತಿದ್ದಿದರು. ಮರುದಿನ ಮೊದಲ ಬಸ್ಸಿಗೆ ಹೊರಟುಹೋದರು. ಊರಿನವರ ಮಾತಿನ ಬಗ್ಗೆ ಗಂಡ ಹೆಂಡತಿ ನನ್ನ ಮುಂದೆ ಒಂದು ಅಕ್ಷರ ಆಡಲಿಲ್ಲ. ನಾನು ಕೋಣೆ ಬದಲಿಸಲಿಲ್ಲ.

ದಸರಾ ರಜೆ ಮುಗಿದ ಮೇಲೆ ಮಂಡಳಿಯ ಸಭೆ ಸೇರಿತು. ಅಧ್ಯಾಪಕರ ಪ್ರತಿನಿಧಿಯಾಗಿ ಕೂರಲು ಯಾರೂ ಒಪ್ಪದೆ ಆ ವರ್ಷ ಕಿರಿಯವಳಾದ ನನ್ನನ್ನೇ ಕೂರಿಸಿದ್ದರು. ಅಧ್ಯಕ್ಷರು ಕಡಲೆಕಾಯಿ ಎಣ್ಣೆ ಮಿಲ್ಲಿನ ಮಾಲೀಕರು. ಕೆಟ್ಟವರಲ್ಲ. ಕೈಯಿಂದ ಹಣ ಹಾಕಿ ಕಾಲೇಜು ಕಟ್ಟಿದವರು. ಅವರಿಗೆ ಕಾಲೇಜಿನ ಹೆಸರೆಂದರೆ ಮನೆಯ ಹೆಸರು. ಗಂಗಕ್ಕನನ್ನು ಒಳಗೆ ಕರೆದು, ಕುಂತ್ಕಳ್ರಿ ಎಂದು ಗೌರವದಿಂದಲೇ ಮಾತು ತೆಗೆದರು. ನಮ್ಮ ಕಾಲೇಜಿನಲ್ಲಿ ಯಾರೂ ಹೊರಗೆ ದುಡಿಯುವ ಪದ್ಧತಿ ಇಲ್ಲ ಎಂದರು. ನಾನು ಗಂಗಕ್ಕನ ಮುಖ ನೋಡಿದೆ. ಅಂಗಡಿಯ ಹೆಸರು, ಟ್ಯೂಷನ್ನಿನ ಹೆಸರು ಅವರ ನಾಲಿಗೆಯ ತುದಿಯಲ್ಲಿ ಇದ್ದಿರಬೇಕು. ಒಂದನ್ನೂ ಹೊರಗೆ ಬಿಡಲಿಲ್ಲ.

ಆಗ ಅಧ್ಯಕ್ಷರು ಒಂದು ದಾರಿ ಸೂಚಿಸಿದರು. ಫೀಸು ಬಿಟ್ಟುಬಿಡಿ. ಸಮಾಜಸೇವೆ ಎಂದು ಮಾಡಿ. ಆಗ ಅನುಮತಿಯ ಪ್ರಶ್ನೆಯೇ ಬರುವುದಿಲ್ಲ, ಊರ ಬಾಯಿಯೂ ಮುಚ್ಚುತ್ತದೆ, ಕಾಲೇಜಿಗೂ ಒಳ್ಳೆಯ ಹೆಸರು. ಕೂತಿದ್ದವರೆಲ್ಲ ತಲೆದೂಗಿದರು. ನನಗೂ ಅದು ಒಳ್ಳೆಯ ದಾರಿ ಅನ್ನಿಸಿತು.

ಗಂಗಕ್ಕ ಆಗುವುದಿಲ್ಲ ಎಂದರು.

"ಪುಕ್ಕಟೆ ಹೇಳ್ಕೊಟ್ರೆ ಅವ್ರು ನನ್ನ ಮುಂದೆ ಕೈಮುಗ್ದು ಕುಂತ್ಕಂತಾರೆ ಸರ್. ಅರ್ಥ ಆಗ್ದಿದ್ರೂ ತಲೆ ಆಡಿಸ್ತಾರೆ. ಫೀಸು ಕೊಟ್ಟೋರು ಹಂಗಲ್ಲ. ತಿಳೀಲಿಲ್ಲ, ಇನ್ನೊಂದ್ಸಲ ಹೇಳ್ರಿ ಅಂತ ಕೇಳ್ತಾರೆ. ಅವ್ರಿಗೆ ಆ ಹಕ್ಕು ಐತೆ. ಆ ಹಕ್ಕು ಇದ್ರೇನೇ ಅವ್ರಿಗೆ ಭಾಷೆ ಬರೋದು." ಸ್ವಲ್ಪ ತಡೆದು ಮತ್ತೆ ಹೇಳಿದರು. "ಪಾಠ ಅರ್ಧ ಆಯ್ತು ಅಂತ ಸಂಬಳ ಅರ್ಧ ಮಾಡಿದ್ರಿ. ನ್ಯಾಯ, ನಾನು ಏನೂ ಅನ್ಲಿಲ್ಲ. ಈಗ ಪೂರ್ತಿ ಪಾಠ ಮಾಡ್ತಾ ಇದೀನಿ. ಇದಕ್ಕೆ ಸಂಬಳ ತಗಳ್ಬೇಡ ಅಂದ್ರೆ, ಅದು ಯಾವ ನ್ಯಾಯ ಅಂತ ನಂಗೆ ತಿಳೀತಿಲ್ಲ."

ಅವರ ದನಿ ಎಲ್ಲೂ ಏರಲಿಲ್ಲ. ಹೊರಗೆ ಹಿಂಗಾರಿನ ಮಳೆ ದಪ್ಪ ಹನಿಗಳಲ್ಲಿ ಹೆಂಚಿನ ಮೇಲೆ ಬೀಳತೊಡಗಿತ್ತು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಅರ್ಜಿ ತಿರಸ್ಕರಿಸಿದರೆ ಏನು ಮಾಡುತ್ತೀರಿ ಎಂದು ಇನ್ನೊಬ್ಬ ಸದಸ್ಯರು ಕೇಳಿದರು. ಆಗ ಕಾಲೇಜಿನ ಅರ್ಧವನ್ನು ಬಿಡಬೇಕಾಗುತ್ತದೆ ಎಂದರು ಗಂಗಕ್ಕ. ಹತ್ತು ವರ್ಷಕ್ಕೂ ಮೇಲ್ಪಟ್ಟ ಕೆಲಸ ಅದು.

ಅಷ್ಟು ಹೊತ್ತೂ ತಲೆ ತಗ್ಗಿಸಿ ಕೂತಿದ್ದ ಪ್ರಿನ್ಸಿಪಾಲರು ಆಗ ಬಾಯಿಬಿಟ್ಟರು. ಅವರ ಬಾಯಿಂದ ಅಂಥ ಮಾತು ಬರುತ್ತದೆಂದು ಆ ಕೋಣೆಯಲ್ಲಿ ಯಾರೂ ನಿರೀಕ್ಷಿಸಿರಲಿಲ್ಲ.

"ಅಧ್ಯಕ್ಷರೇ, ಹೊರಗೆ ದುಡಿಯೋರು ಇವ್ರೊಬ್ರೇ ಅಲ್ಲ. ಕೇಳಿ ದುಡಿಯೋರು ಮಾತ್ರ ಇವ್ರೊಬ್ರೇ. ಭಾನುವಾರ ನಿಮ್ ಮಿಲ್ಲಿನ ಲೆಕ್ಕ ನೋಡಾಕೆ ನಾನು ಬರ್ತೀನಲ್ಲ, ಅದಕ್ಕೆ ನಾನು ಯಾವತ್ತು ಅರ್ಜಿ ಕೊಟ್ಟೆ?"

ಎಲ್ಲರೂ ಅಧ್ಯಕ್ಷರ ಕಡೆ ತಿರುಗಿದರು. ಆಮೇಲೆ ಅಧ್ಯಕ್ಷರಿಗೆ ನಗು ಬಂದುಬಿಟ್ಟಿತು. ತಡೆಯಲು ನೋಡಿದರು, ಆಗಲಿಲ್ಲ. ಹೊಟ್ಟೆ ಕುಲುಕಿಸಿ ನಕ್ಕರು. ಇದು ನನ್ನ ತಲೆಗೇ ಹೊಳೆದಿರಲಿಲ್ಲವಲ್ಲ ಮಾರಾಯ್ರೆ ಎಂದರು. ದೊಡ್ಡ ಮನುಷ್ಯ ತನ್ನ ಮೇಲೆ ತಾನೇ ನಗುವುದನ್ನು ನಾನು ಮೊದಲ ಸಲ ನೋಡಿದ್ದು ಅವತ್ತು. ಹೊರಗೆ ಕೆಲಸ ಮಾಡುವ ಪ್ರತಿಯೊಬ್ಬರೂ ಕೇಳಿಯೇ ಮಾಡಲಿ, ತರಗತಿಗೆ ತೊಂದರೆಯಾಗದಿದ್ದರೆ ಕೊಡೋಣ ಎಂದು ತೀರ್ಮಾನವಾಯಿತು. ಗಂಗಕ್ಕನಿಗೆ ಫೀಸಿನ ಸಮೇತ ಒಪ್ಪಿಗೆ ಸಿಕ್ಕಿತು. ಅಧ್ಯಕ್ಷರು ಒಂದು ಷರತ್ತು ಮಾತ್ರ ಇಟ್ಟರು. ಪಾಠ ಟೈರಿನ ಶೆಡ್ಡಿನಲ್ಲಿ ಬೇಡ, ಕಾಲೇಜಿನ ಕೋಣೆಯಲ್ಲೇ ನಡೆಯಲಿ. ಬೆಂಚು ಹೇಗೂ ಖಾಲಿ ಇವೆ.

ಡ್ರೈವರುಗಳು ಕಾಲೇಜಿಗೆ ಬಂದ ಮೊದಲ ಸಂಜೆಯನ್ನು ನಾನು ಮರೆತಿಲ್ಲ. ಖಾಕಿ ಅಂಗಿ ಒಗೆದು ಹಾಕಿಕೊಂಡು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದಿದ್ದರು. ಗೇಟಿನ ಹೊರಗೆ ಲಾರಿಗಳು ಸಾಲಾಗಿ ನಿಂತಿದ್ದವು. ಕೋಣೆಯ ಮುಂದೆ ಚಪ್ಪಲಿ ಬಿಟ್ಟು ಒಳಗೆ ಬಂದವರು ಬೆಂಚಿನ ಮೇಲೆ ಕೂರಲು ಸಂಕೋಚಪಟ್ಟು ಗೋಡೆಗೆ ಒರಗಿ ನಿಂತರು. ಗಂಗಕ್ಕ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ಕೂರಿಸಿದರು. ಚಪ್ಪಲಿ ಹಾಕಿಕೊಂಡೇ ಬರಬೇಕು, ಇದು ಗುಡಿಯಲ್ಲ ಎಂದರು. ಮಾರನೆಯ ದಿನದಿಂದ ಸಂಜೆ ಮೈದಾನದಲ್ಲಿ ಆಡುತ್ತಿದ್ದ ನಮ್ಮ ಕಾಲೇಜಿನ ಹುಡುಗರು ಕಿಟಕಿಯಲ್ಲಿ ಇಣುಕತೊಡಗಿದರು. ಡ್ರೈವರುಗಳ ಬಾಯಲ್ಲಿ ಹಿಂದಿ ಪಟಪಟನೆ ಬರುವುದನ್ನು ಕೇಳಿ ಕೆಲವರು ಒಳಗೇ ಬಂದು ಕೂತರು. ಮುಂದಿನ ವರ್ಷ ಹಿಂದಿ ತೆಗೆದುಕೊಂಡವರ ಸಂಖ್ಯೆ ಹೆಚ್ಚಿತೆಂದು ಆಮೇಲೆ ಕೇಳಿದೆ. ಗಂಗಕ್ಕನ ಹುದ್ದೆ ಮತ್ತೆ ಪೂರ್ತಿಯಾಯಿತು. ಸಂಜೆಯ ಪಾಠವನ್ನು ಅವರು ಬಿಡಲಿಲ್ಲ. ಪ್ರತಿ ಜೂನ್‌ನಲ್ಲಿ ಹೊಸದಾಗಿ ಅನುಮತಿ ಕೇಳಿ ನಿವೃತ್ತಿಯವರೆಗೂ ನಡೆಸಿದರು.

ಆ ಹೊರಗಿನ ದುಡಿಮೆಯ ಹಣವನ್ನು ಅವರು ಮನೆಖರ್ಚಿಗೆ ಬಳಸುತ್ತಾರೆಂದೇ ನಾನು ಅಂದುಕೊಂಡಿದ್ದೆ. ಇರುವ ಸೀರೆಗಳನ್ನೇ ಉಡುತ್ತಿದ್ದರು, ಸಾರಿಗೆ ಬೇಳೆಯನ್ನೂ ಹಿಡಿದೇ ಹಾಕುತ್ತಿದ್ದರು. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ಮೇಲೆ ಒಂದು ದಿನ ಟ್ರಂಕು ಇಳಿಸಿ ಬಟ್ಟೆ ಜೋಡಿಸತೊಡಗಿದರು. ಕೂಡಿಟ್ಟ ಫೀಸಿನ ಹಣದಲ್ಲಿ ನಾನು ಮತ್ತು ನಿಮ್ಮ ಮೇಷ್ಟ್ರು ಹಿಂದಿ ಸೀಮೆಗೆ ಹೋಗಿ ಬರುತ್ತೇವೆ ಎಂದರು. ಇಷ್ಟು ವರ್ಷ ಹಿಂದಿ ಕಲಿಸಿದ ಗಂಗಕ್ಕ ಹಿಂದಿ ಮಾತಾಡುವ ಊರನ್ನು ಕಣ್ಣಿಂದ ನೋಡಿಯೇ ಇರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಆಗಲೇ. ಬಿಸಿಲಿಗೆ ಉತ್ತರದ ಕಡೆ ಯಾರಾದರೂ ಹೋಗುತ್ತಾರೆಯೇ ಎಂದೆ. ನಮ್ಮ ಬಿಸಿಲೇನು ಕಡಿಮೆಯೇ ಎಂದರು.

ಅವರು ತಿರುಗಿ ಬರುವ ಹೊತ್ತಿಗೆ ನನ್ನ ಒಂದು ವರ್ಷ ಮುಗಿದು, ಊರಿಗೆ ಹೊರಡಲು ನಾನು ಗಂಟು ಕಟ್ಟಿದ್ದೆ. ಮುಖ ಕಪ್ಪಾಗಿತ್ತು, ತುಟಿ ಒಡೆದಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು. ನದಿ ಹೇಗಿತ್ತು, ದೇವಸ್ಥಾನಗಳು ಹೇಗಿದ್ದವು ಎಂದು ಕೇಳಿದೆ. ಅದನ್ನೆಲ್ಲ ಮೇಷ್ಟ್ರು ಹೇಳುತ್ತಾರೆ ಎಂದು ತಳ್ಳಿಹಾಕಿ, ನನ್ನ ಎದುರಿಗೆ ನೆಲದ ಮೇಲೆ ಕೂತರು. ಒಂದು ಪೇಟೆಯ ಸಂತೆಯಲ್ಲಿ ಹೀರೇಕಾಯಿ ಎಳೆಯದೋ ಬಲಿತದ್ದೋ ಎಂದು ಇವರು ಉಗುರು ಒತ್ತಿ ನೋಡಿದ್ದಾರೆ. ಮಾರುವ ಹೆಂಗಸು ಎದ್ದು ನಿಂತು, ಸೊಂಟಕ್ಕೆ ಕೈಯಿಟ್ಟುಕೊಂಡು ಬೈಯಲು ಶುರುಮಾಡಿದ್ದಾಳೆ. ಇವರ ಉಗುರನ್ನು, ಇವರ ಊರನ್ನು, ಇಂಥವಳನ್ನು ಕಟ್ಟಿಕೊಂಡ ಗಂಡನನ್ನು, ಯಾರನ್ನೂ ಬಿಡಲಿಲ್ಲವಂತೆ. ಜನ ಸೇರಿದರಂತೆ. ಮೇಷ್ಟ್ರು ಗಾಬರಿಯಾಗಿ ರಟ್ಟೆ ಹಿಡಿದು ಎಳೆದರಂತೆ. ಇವರು ಅಲ್ಲಾಡಲಿಲ್ಲವಂತೆ.

"ಒಂದು ಮಾತೂ ಬಿಟ್ಟುಹೋಗ್ದಂಗೆ ಎಲ್ಲಾ ತಿಳೀತು ಕಣೆ ವಿಮಲಾ," ಎಂದರು ಗಂಗಕ್ಕ. "ಪೂರ್ತಿ ಬೈಯ್ಲಿ ಅಂತ ನಿಂತೇ ಇದ್ದೆ. ಆಮೇಲೆ ಅವಳ ಭಾಷೇಲೇ ಚೌಕಾಸಿ ಮಾಡಿ, ಹೀರೇಕಾಯಿ ತಗಂಡೆ."

ಛತ್ರದಲ್ಲಿ ಇಳಿದುಕೊಂಡವರು ಹೀರೇಕಾಯಿ ತೆಗೆದುಕೊಂಡು ಏನು ಮಾಡಿದಿರಿ ಎಂದೆ. ಅದು ತನಗೂ ಹೊಳೆಯಲಿಲ್ಲ ಎಂದು ಗಂಗಕ್ಕ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾ ನಗತೊಡಗಿದರು.